ತೂಕ, ತ್ರಾಣ, ಬಿಂಬ: ಮುಪ್ಪಿನ ದೇಹದ ಅಳತೆಯನ್ನು ಕುರಿತ ಒಂದು ವಿಮರ್ಶೆ

ಕರಾವಳಿಯ ದೇವಾಲಯಗಳಲ್ಲಿ ನಡೆಯುವ ತುಲಾಭಾರ ಸೇವೆಯಲ್ಲಿ ಹರಕೆ ಹೊತ್ತವರು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತು, ಇನ್ನೊಂದು ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಮೊದಲಾದವುಗಳನ್ನು ತಮ್ಮ ತೂಕಕ್ಕೆ ಸಮನಾಗಿ ಇರಿಸಿ ದೇವರಿಗೆ ಒಪ್ಪಿಸುತ್ತಾರೆ. ಈ ತಕ್ಕಡಿಗೆ ಎಲುಬು, ಮಾಂಸ, ಕೊಬ್ಬು ಎಂಬ ಭೇದವಿಲ್ಲ. ವೈದ್ಯಕೀಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ದೇಹತೂಕ ಸೂಚ್ಯಂಕವೂ, ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಅಂಕಿಯೂ, ಈ ದೃಷ್ಟಿಯಿಂದ ತುಲಾಭಾರದ ತಕ್ಕಡಿಗಿಂತ ಭಿನ್ನವಲ್ಲ. ದೇಹದೊಳಗಿನ ಸ್ನಾಯು ಮತ್ತು ಕೊಬ್ಬನ್ನು ಬೇರೆ ಬೇರೆಯಾಗಿ ಅಳೆಯುವ ಬಿಂಬತಂತ್ರಗಳು ಈ ಕೊರತೆಯನ್ನು ತುಂಬಲು ಬಂದವು. ಅವು ಏನನ್ನು ಕಾಣಿಸುತ್ತವೆ, ಏನನ್ನು ಕಾಣಿಸಲಾರವು ಎಂಬುದನ್ನು ಜನಪದ ದೇಹಪರಿಕಲ್ಪನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರ್ಚೆಗೆ ಪರ್ಕಳ ಒಂದು ಸೂಕ್ತ ನೆಲೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಗೊಂಡ ಮಣಿಪಾಲದ ಗುಡ್ಡದಿಂದ ಹಿರಿಯಡಕದ ದಾರಿಯಲ್ಲಿ ಇಳಿದರೆ ಸಿಗುವ ಊರು ಇದು. ಗದ್ದೆಯ ಕೆಲಸ, ಬೀಡಿ ಕಟ್ಟುವ ಕೆಲಸಗಳಲ್ಲಿ ಆಯುಷ್ಯ ಕಳೆದ ಹಿರಿಯರು ಒಂದೆಡೆ, ಅವರ ದೇಹವನ್ನು ಪದರಪದರವಾಗಿ ನೋಡಬಲ್ಲ ಯಂತ್ರಗಳು ಇನ್ನೊಂದೆಡೆ. ಎರಡು ದೇಹಭಾಷೆಗಳು ಇಷ್ಟು ಹತ್ತಿರದಲ್ಲಿ ನೆರೆಹೊರೆಯಾಗಿರುವ ಪ್ರದೇಶಗಳು ವಿರಳ.

ಮೊದಲು ಆಡುಮಾತಿನ ದೇಹಭಾಷೆಯನ್ನು ಗಮನಿಸಬಹುದು. ಕನ್ನಡದಲ್ಲಿ ‘ತೂಕ’ ಬೇರೆ, ‘ತ್ರಾಣ’ ಬೇರೆ. ಮೈ ದೊಡ್ಡದಿದ್ದವನನ್ನೂ ‘ನಿತ್ರಾಣಿ’ ಎನ್ನಬಹುದು. ಬಡಕಲು ಮೈಯವನಲ್ಲಿಯೂ ‘ಕಸುವು’ ಇದೆ ಎನ್ನಬಹುದು. ‘ರಟ್ಟೆಯ ಬಲ’ ಎಂಬ ನುಡಿಗಟ್ಟು ಶಕ್ತಿಗೆ ದೇಹದಲ್ಲಿ ಒಂದು ಸ್ಥಾನವನ್ನು ಗುರುತಿಸುತ್ತದೆ. ಕಾಲಿನ ಹಿಂಭಾಗದ ಸ್ನಾಯುವಿಗೆ ‘ಮೀನಖಂಡ’ ಎಂಬ ಹೆಸರಿದೆ. ಅದು ಮೀನಿನಂತೆ ತುಂಬಿಕೊಂಡಿದೆಯೇ ಎಂಬ ನೋಟ ಆ ಹೆಸರಿನಲ್ಲಿಯೇ ಅಡಗಿದೆ. ತುಳುನಾಡಿನಲ್ಲಿ 42 ಸೇರು ಅಕ್ಕಿಯ ‘ಮುಡಿ’ ಧಾನ್ಯದ ಅಳತೆಯಾಗಿದ್ದಂತೆಯೇ ಅದನ್ನು ಎತ್ತಿ ಹೊರಬಲ್ಲವನ ತ್ರಾಣದ ಅಳತೆಯೂ ಆಗಿತ್ತು. ಒಟ್ಟಿನಲ್ಲಿ ಜನಪದರ ಅಳತೆ ದೇಹ ಎಷ್ಟಿದೆ ಎಂಬುದನ್ನಲ್ಲ, ದೇಹ ಏನು ಮಾಡಬಲ್ಲುದು ಎಂಬುದನ್ನು ಕೇಳುತ್ತದೆ.

ವೈದ್ಯಕೀಯ ಬಿಂಬತಂತ್ರ ಇದಕ್ಕೆ ವಿರುದ್ಧವಾದ ತುದಿಯಿಂದ ಆರಂಭಿಸಿತು. ಡೆಕ್ಸಾ ಯಂತ್ರ ಎರಡು ಭಿನ್ನ ಶಕ್ತಿಯ ಕ್ಷ-ಕಿರಣಗಳನ್ನು ದೇಹದ ಮೂಲಕ ಹಾಯಿಸಿ, ಅವು ಎಷ್ಟೆಷ್ಟು ತಡೆಯಲ್ಪಟ್ಟವು ಎಂಬುದರಿಂದ ಎಲುಬಿನ ಖನಿಜ, ಕೊಬ್ಬು ಮತ್ತು ಕೊಬ್ಬುರಹಿತ ಮೃದು ಅಂಶವನ್ನು ಬೇರ್ಪಡಿಸುತ್ತದೆ. ಸಿ.ಟಿ. ತಂತ್ರದಲ್ಲಿ ಸೊಂಟದ ಮೂರನೆಯ ಕಶೇರುವಿನ ಮಟ್ಟದ ಒಂದೇ ಅಡ್ಡಸೀಳಿನಿಂದ ಇಡೀ ದೇಹದ ಸ್ನಾಯುವನ್ನು ಅಂದಾಜು ಮಾಡುವ ರೂಢಿಯಿದೆ. ಸ್ನಾಯುವಿನೊಳಗೆ ಕೊಬ್ಬು ಸೇರಿಕೊಂಡಿದ್ದರೆ ಅದರ ಸಾಂದ್ರತೆ ಇಳಿದು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಎಂ.ಆರ್.ಐ. ವಿಕಿರಣವಿಲ್ಲದೆ ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ದುಬಾರಿ. ಅಲ್ಟ್ರಾಸೌಂಡ್ ಅಗ್ಗ, ಆದರೆ ಉಪಕರಣವನ್ನು ಒತ್ತುವ ಕೈಯ ಭಾರಕ್ಕೆ ತಕ್ಕಂತೆ ಅಳತೆ ವ್ಯತ್ಯಾಸವಾಗುತ್ತದೆ.

ಈ ತಂತ್ರಗಳ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ದೇಹಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ತಕ್ಕಡಿಗೆ ಸಮಾನರಾಗಿದ್ದವರು ಬಿಂಬದಲ್ಲಿ ಸಮಾನರಾಗಿರಲಿಲ್ಲ. ಭಾರತೀಯರು ತೆಳ್ಳಗೆ ಕಂಡರೂ ಕೊಬ್ಬು ಹೊತ್ತಿರಬಹುದು ಎಂಬ ಈ ತಿಳಿವಳಿಕೆ ತುಲಾಭಾರದಿಂದಾಗಲಿ ಕಣ್ಣಳತೆಯಿಂದಾಗಲಿ ದೊರೆಯುವಂಥದ್ದಲ್ಲ.

ಆದರೆ ಮುಪ್ಪಿನ ವಿಷಯಕ್ಕೆ ಬಂದಾಗ ಬಿಂಬದ ಅಧಿಕಾರ ಕ್ರಮೇಣ ಮೊಟಕುಗೊಂಡಿರುವುದನ್ನು ಗಮನಿಸಬೇಕು. ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೊಪೀನಿಯ’ ಎಂಬ ಹೆಸರಿಟ್ಟಾಗ ಅದು ಮಾಂಸದ ನಷ್ಟವನ್ನಷ್ಟೇ ಸೂಚಿಸುವ ಗ್ರೀಕ್ ಮೂಲದ ಪದವಾಗಿತ್ತು. 2010ರ ಯೂರೋಪಿನ ತಜ್ಞರ ಒಮ್ಮತ ನಿರೂಪಣೆಯಲ್ಲಿ ಸ್ನಾಯುವಿನ ಪ್ರಮಾಣದೊಂದಿಗೆ ಅದರ ಕಾರ್ಯವೂ ಸೇರಿತು. ಅದೇ ಗುಂಪಿನ 2018ರ ಪರಿಷ್ಕರಣೆಯಲ್ಲಿ ಬಲವೇ ಮೊದಲ ಲಕ್ಷಣವಾಯಿತು. ಬಿಂಬ ಅದನ್ನು ದೃಢಪಡಿಸುವ ಎರಡನೆಯ ಹಂತಕ್ಕೆ ಸರಿಯಿತು. ಮೂರು ದಶಕಗಳ ನಂತರ ವಿಜ್ಞಾನ ತ್ರಾಣದ ಪರಿಕಲ್ಪನೆಯ ಸಮೀಪಕ್ಕೆ ಬಂದಿತೆನ್ನಬಹುದು. ಇದನ್ನು ಜನಪದದ ಗೆಲುವೆಂದು ಭಾವಿಸುವುದು ಮಾತ್ರ ಅವಸರದ ತೀರ್ಮಾನ. 2024ರ ಜಾಗತಿಕ ಒಮ್ಮತ ಪ್ರಮಾಣವನ್ನೂ ಬಲವನ್ನೂ ಎರಡನ್ನೂ ಉಳಿಸಿಕೊಂಡಿದೆ.

ಹೆಚ್ಚು ಗಂಭೀರವಾದ ಪ್ರಶ್ನೆ ಮಾನದಂಡಗಳದು. ಸ್ನಾಯು ಕಡಿಮೆಯಾಗಿದೆ ಎನ್ನಲು ಬಳಸುವ ಮಿತಿಗಳಲ್ಲಿ ಹಲವು ಆರೋಗ್ಯವಂತ ಯುವಜನರ ಸರಾಸರಿಯಿಂದ ಹೊರಟಂಥವು. ಈ ದೃಷ್ಟಿ ಗರೋಡಿಯ ದೃಷ್ಟಿಯನ್ನು ಹೋಲುತ್ತದೆ. ಕೋಟಿ-ಚೆನ್ನಯರ ಪಾಡ್ದನ ಹರೆಯದ ದೇಹವನ್ನು ಕೊಂಡಾಡುತ್ತದೆ. ಆ ವೀರರು ಮುಪ್ಪನ್ನು ಕಾಣಲಿಲ್ಲ. ಹರೆಯವನ್ನೇ ಅಳತೆಗೋಲಾಗಿಸಿದಾಗ ಎರಡೂ ಕಡೆ ಮುಪ್ಪು ಕೊರತೆಯಾಗಿಯೇ ಕಾಣುತ್ತದೆ. ಏಷ್ಯಾದ ಕಾರ್ಯತಂಡ 2019ರಲ್ಲಿ ಡೆಕ್ಸಾ ಅಳತೆಗೆ ಗಂಡಸರಿಗೆ 7.0, ಹೆಂಗಸರಿಗೆ 5.4 ಎಂಬ ಮಿತಿಯನ್ನು ಸೂಚಿಸಿತು. ಆದರೆ ಈ ತಂಡದ ಆಧಾರ ಮುಖ್ಯವಾಗಿ ಪೂರ್ವ ಹಾಗೂ ಆಗ್ನೇಯ ಏಷ್ಯಾದ ದೇಹಗಳು.

ಈ ಅಂಕಿ ದೊರೆಯುವುದು ಕೈಕಾಲುಗಳ ಕೊಬ್ಬುರಹಿತ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ. ಉದಾಹರಣೆಗೆ, 150 ಸೆಂ.ಮೀ. ಎತ್ತರದ, ಕೈಕಾಲುಗಳಲ್ಲಿ 11.9 ಕಿಲೋ ಅಂಥ ಅಂಶವಿರುವ ಮಹಿಳೆಯ ಸೂಚ್ಯಂಕ 5.29, ಆಕೆ ಮಿತಿಗಿಂತ ಕೆಳಗೆ. ಬೆನ್ನು ಬಾಗಿ ಆಕೆಯ ಎತ್ತರ 146 ಸೆಂ.ಮೀ.ಗೆ ಇಳಿಯಿತೆಂದುಕೊಂಡರೆ, ಸ್ನಾಯು ಒಂದಿಷ್ಟೂ ಹೆಚ್ಚದೆಯೇ ಸೂಚ್ಯಂಕ 5.58ಕ್ಕೆ ಏರುತ್ತದೆ. ಗೂನು ಬಿದ್ದುದರಿಂದಲೇ ಅಜ್ಜಿ ಲೆಕ್ಕದಲ್ಲಿ ಸದೃಢಳಾಗುತ್ತಾಳೆ. ಹಾಗೆಯೇ ಡೆಕ್ಸಾದ ‘ಕೊಬ್ಬುರಹಿತ’ ಅಂಶದಲ್ಲಿ ನೀರೂ ಸೇರಿರುತ್ತದೆ. ಆನೆಕಾಲು ರೋಗದ ಇತಿಹಾಸವಿರುವ ಈ ಕರಾವಳಿಯಲ್ಲಿ ಊದಿದ ಕಾಲಿನ ದ್ರವವೂ ಸ್ನಾಯುವಿನ ಲೆಕ್ಕಕ್ಕೆ ಸೇರಿಬಿಡುವ ಅಪಾಯವಿದೆ.

ಬಲದ ಪರೀಕ್ಷೆಗಳೂ ಸಂಸ್ಕೃತಿನಿರಪೇಕ್ಷವಲ್ಲ. ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಅದನ್ನು ದೌರ್ಬಲ್ಯದ ಸೂಚನೆ ಎನ್ನಲಾಗುತ್ತದೆ. ಮಣೆಯ ಮೇಲೆ ಕುಳಿತು ಉಣ್ಣುವ, ನೆಲದಲ್ಲಿ ಕುಳಿತು ಬೀಡಿ ಕಟ್ಟುವ ಬದುಕಿನಲ್ಲಿ ತ್ರಾಣದ ಪರೀಕ್ಷೆ ಕುರ್ಚಿಯದಲ್ಲ. ಕೈಯೂರದೆ ನೆಲದಿಂದ ಏಳುವುದು. ಅದು ಇನ್ನೂ ಕಠಿಣ, ಇನ್ನೂ ಮೊದಲೇ ಸೋಲನ್ನು ತಿಳಿಸಬಲ್ಲುದು.

ಆದರೆ ಜನಪದ ಭಾಷೆಯನ್ನು ಪ್ರಶ್ನಾತೀತವೆಂದು ಒಪ್ಪುವಂತಿಲ್ಲ. ‘ಮೈಕೈ ತುಂಬಿಕೊಂಡಿದ್ದಾರೆ’ ಎಂಬುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಹಸಿವಿನ ಕಾಲದಲ್ಲಿ ಹುಟ್ಟಿದ ಈ ಮೆಚ್ಚುಗೆ ಕೊಬ್ಬಿನಡಿ ಸ್ನಾಯು ಕರಗುತ್ತಿರುವ ದೇಹವನ್ನೂ ‘ಪುಷ್ಟಿ’ ಎಂದೇ ಕರೆಯುತ್ತದೆ. ಬೊಜ್ಜು ಹೆಚ್ಚಿ ಸ್ನಾಯು ಕುಂದಿದ ಇಂಥ ಹಿರಿಯರೇ ಎಡವಿ ಬೀಳುವ, ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿಯುವ ಅಪಾಯದಲ್ಲಿರುತ್ತಾರೆ. ಇನ್ನೊಂದೆಡೆ ‘ವಯಸ್ಸಾಯಿತು, ನಿತ್ರಾಣ ಸಹಜ’ ಎಂಬ ಸಮಾಧಾನ ಚಿಕಿತ್ಸೆಯನ್ನೂ ವ್ಯಾಯಾಮವನ್ನೂ ಮುಂದೂಡುತ್ತದೆ. ಈ ಎರಡು ಕುರುಡುಗಳನ್ನು ಬಿಂಬ ಮಾತ್ರ ನೀಗಬಲ್ಲುದು.

2017-18ರಲ್ಲಿ ನಡೆದ ಭಾರತದ ಮುಪ್ಪಿನ ದೀರ್ಘಕಾಲಿಕ ಸಮೀಕ್ಷೆಯ ಮೊದಲ ಸುತ್ತು 72 ಸಾವಿರಕ್ಕೂ ಮಿಕ್ಕಿದ ಜನರನ್ನು ಒಳಗೊಂಡು ಕೈಹಿಡಿತದ ಬಲ, ತೂಕ, ಎತ್ತರ, ಸೊಂಟದ ಸುತ್ತಳತೆಗಳನ್ನು ದಾಖಲಿಸಿತು. ಅದರ ಪ್ರಾಯೋಗಿಕ ಹಂತ 2010ರಲ್ಲಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಸ್ಪತ್ರೆಯ ಬಿಂಬ ಮನೆಬಾಗಿಲಿಗೆ ಹೋಗಲಾರದು. ಹಿಡಿತದ ಅಳತೆ ಹೋಗಬಲ್ಲುದು. ಇವೆರಡರ ನಡುವಿನ ಸೇತುವೆಯಾಗಿ ಸ್ಥಳೀಯ ದೇಹಭಾಷೆಯ ಅಧ್ಯಯನಕ್ಕೆ ಅವಕಾಶವಿದೆ. ಹಿರಿಯರು ‘ತ್ರಾಣ’ ಎಂದಾಗ ಯಾವ ಕೆಲಸವನ್ನು ಉದ್ದೇಶಿಸುತ್ತಾರೆ, ಅದು ಯಾವಾಗ ತಪ್ಪಿತೆನ್ನುತ್ತಾರೆ ಎಂಬುದನ್ನು ಬಿಂಬದ ಅಂಕಿಗಳೊಂದಿಗೆ ಹೋಲಿಸಿ ನೋಡಬೇಕಾಗಿದೆ. ಜಾನಪದ ವಿದ್ವಾಂಸರೂ ವೈದ್ಯರೂ ಜೊತೆಯಾಗಿ ಈ ಕೆಲಸಕ್ಕೆ ತೊಡಗಿದಲ್ಲಿ, ಅನ್ಯರ ದೇಹಗಳಿಂದ ಪಡೆದ ಮಿತಿಗಳಿಗೆ ಬದಲಾಗಿ ಈ ನೆಲದ ಮುಪ್ಪಿಗೆ ಒಪ್ಪುವ ಮಾನದಂಡವೊಂದು ರೂಪುಗೊಳ್ಳಲು ಸಾಧ್ಯ.