ಹರಿಹರದ ಟೇಪು

ನನ್ನ ಸೋದರಮಾವ ಹರಿಹರದ ಕಿರ್ಲೋಸ್ಕರ್ ಲೇಥ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದವು. ಅವರ ಅಳತೆಯ ಚಟ ಮಾತ್ರ ಬಿಟ್ಟಿಲ್ಲ. 2025ರ ದಸರೆ ಹೊತ್ತಿಗೆ ನಾನು ಕಾರು ಕೊಳ್ಳುವ ಮಾತೆತ್ತಿದ್ದೇ ತಡ, ಬಸ್ಸು ಹತ್ತಿ ದಾವಣಗೆರೆಗೆ ಬಂದರು. ಜೇಬಿನಲ್ಲಿ ಟೇಪು.

"ಪುಸ್ತಕದಾಗೆ ಬರೆದಿದ್ದು ಬ್ಯಾರೆ, ಕಬ್ಬಿಣ ಹೇಳೋದು ಬ್ಯಾರೆ ನೋಡಪ್ಪಾ" ಎಂದರು.

ನನ್ನ ಮುಂದಿದ್ದದ್ದು ಮೂರು ಕಾರು. ವ್ಯಾಗನ್ಆರ್, ಡಿಸೈರ್, ಹೋಂಡಾ ಸಿಟಿ. ಸಣ್ಣದು, ನಡುವಿನದು, ದೊಡ್ಡದು ಎಂದು ನಾನು ತಿಳಿದಿದ್ದೆ. ಮಾವನ ಟೇಪು ಬೇರೆ ಕಥೆ ಹೇಳಿತು. ವ್ಯಾಗನ್ಆರ್ ಉದ್ದ 3655 ಮಿಲಿಮೀಟರ್, ಡಿಸೈರ್ 3995. ಆದರೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅಳೆದರೆ ಒಂದು 2435, ಇನ್ನೊಂದು 2450. ಹೊರಗೆ ಬೆಳೆದದ್ದು 340, ಗಾಲಿಗಳ ನಡುವೆ ಬೆಳೆದದ್ದು ಬರೀ 15! ಉಳಿದದ್ದರಲ್ಲಿ ಹೆಚ್ಚಿನ ಪಾಲು ಡಿಕ್ಕಿಯ ಲೆಕ್ಕಕ್ಕೆ. ಅಗಲದಲ್ಲಿ ಮಾತ್ರ ಡಿಸೈರ್ ನಿಜವಾಗಿ ಹೆಚ್ಚು, 115 ಮಿಲಿಮೀಟರ್. ಹಿಂದಿನ ಸೀಟಿನಲ್ಲಿ ಮೂವರು ಕೂರುವ ಮನೆಗೆ ಅದು ಸಣ್ಣ ಮಾತಲ್ಲ.

ಈ 3995 ಎಂಬ ಸಂಖ್ಯೆ ಎಲ್ಲಿಂದ ಬಂತು? 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಮೀರದ ಸಣ್ಣ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಿದರು. 2008ರಲ್ಲಿ ಬಂದ ಮೊದಲ ಡಿಸೈರ್ 4160 ಮಿಲಿಮೀಟರ್ ಉದ್ದವಿತ್ತು. 2012ರ ಹೊತ್ತಿಗೆ ಬಾಲ ಮೊಟಕಾಗಿ 3995ಕ್ಕೆ ನಿಂತಿತು. ಅಂದರೆ ಇದನ್ನು ಹೊಲಿದ ದರ್ಜಿ ತೆರಿಗೆ ಇಲಾಖೆ. ಹರಿಹರೇಶ್ವರನ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ ಒಂದೇ ಮೈಯಲ್ಲಿ ನಿಂತದ್ದು ಭಕ್ತಿಯಿಂದ. ಇಲ್ಲಿ ಅರ್ಧ ಸಣ್ಣ ಕಾರು, ಅರ್ಧ ದೊಡ್ಡ ಕಾರು ಕೂಡಿದ್ದು ಸುಂಕದಿಂದ.

ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆ ಶೇಕಡ 29ರಿಂದ 18ಕ್ಕೆ ಇಳಿದಿತ್ತು. ಸಿಟಿಯಂಥವುಗಳಿಗೆ 45 ಇದ್ದದ್ದು 40 ಆಯಿತು. ಇಬ್ಬರಿಗೂ ಇಳಿಯಿತು, ಆದರೆ ನಡುವಿನ ಕಂದಕ 16ರಿಂದ 22ಕ್ಕೆ ಹಿಗ್ಗಿತು. ಸಿಟಿಯ ಮೆತ್ತನೆಯ ಸವಾರಿ, 2600 ಮಿಲಿಮೀಟರಿನ ಗಾಲಿಯಂತರ, ಕಾಲು ಚಾಚುವ ಸುಖ ಎಲ್ಲ ನಿಜ. ನಮ್ಮ ಕೈಗೆ ಎಟುಕದು ಎಂಬುದೂ ಅಷ್ಟೇ ನಿಜ. ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದ ಎರಡರಲ್ಲಿ ನನ್ನ ಮನಸ್ಸು ವ್ಯಾಗನ್ಆರ್ ಕಡೆಗೇ ಇತ್ತು. ಬೆಲೆ ಕಡಿಮೆ, ಎತ್ತರದ ಸೀಟು. ಅವ್ವನಿಗೆ ಮಂಡಿನೋವು, ಕುರ್ಚಿಯಲ್ಲಿ ಕೂತಂತೆ ಕೂತು, ಎದ್ದಂತೆ ಇಳಿದಳು. ಊರೊಳಗೆ, ಪಿ.ಬಿ. ರಸ್ತೆಯ ನೂಕುನುಗ್ಗಲಿಗೆ ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲವೆಂದೇ ಈಗಲೂ ಹೇಳುತ್ತೇನೆ.

ಆದರೆ ನಾವು ಊರೊಳಗೇ ಇರುವವರಲ್ಲ. ತಿಂಗಳಿಗೆರಡು ಸಲ ಹೆದ್ದಾರಿ 48 ಹಿಡಿಯಬೇಕು. ರಾತ್ರಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಎದುರಾಗದ ಪ್ರಯಾಣವೇ ಇಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಯಲ್ಲಿ 2023ರಲ್ಲಿ ವ್ಯಾಗನ್ಆರ್‌ಗೆ ಒಂದು ನಕ್ಷತ್ರ, 2024ರಲ್ಲಿ ಹೊಸ ಡಿಸೈರ್‌ಗೆ ಐದು. ಗುದ್ದಿಸಿದ ವ್ಯಾಗನ್ಆರ್‌ಗೆ ಎರಡೇ ಏರ್‌ಬ್ಯಾಗ್ ಇದ್ದವು, 2025ರಲ್ಲಿ ಆರು ಕೊಟ್ಟಿದ್ದಾರೆ. ನ್ಯಾಯಕ್ಕೆ ಅದನ್ನೂ ಹೇಳಬೇಕು. ಆದರೆ ಆ ಪರೀಕ್ಷೆಯಲ್ಲಿ ಅದರ ಮೈಯ ಚೌಕಟ್ಟೇ ಅಸ್ಥಿರ ಎಂದು ಬರೆದಿದ್ದರು. "ಬೆಡ್ಡು ಗಟ್ಟಿ ಇರದ ಲೇಥಿಗೆ ಎಷ್ಟು ಪಾಲಿಶ್ ಹೊಡೆದ್ರೇನು?" ಎಂದರು ಮಾವ. ಚರ್ಚೆ ಅಲ್ಲಿಗೆ ಮುಗಿಯಿತು.

ಡಿಸೈರಿನಲ್ಲೇ ಕೆಳಗಿನ ಮಾದರಿ ತೆಗೆದುಕೊಂಡೆವು. ಆರು ಏರ್‌ಬ್ಯಾಗ್ ಅದರಲ್ಲೂ ಇವೆ. ಮೇಲಿನ ಮಾದರಿಯ ಹೆಚ್ಚಿನ ದುಡ್ಡು ಹೋಗುವುದು ಗಾಜಿನ ಚಾವಣಿಗೆ, ಮಿರುಗುವ ಗಾಲಿಗೆ. ಕೊಳ್ಳುವವರಿಗೆ ನನ್ನದು ಒಂದೇ ಮಾತು: ಸಣ್ಣದೋ ದೊಡ್ಡದೋ ಎಂಬ ಹೆಸರನ್ನು ನಂಬಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿ, ನೀವು ಹಿಂದಿನ ಸೀಟಿನಲ್ಲಿ ಕೂತು, ದಿನಾ ಓಡಾಡುವ ದಾರಿಯಲ್ಲೇ ಒಮ್ಮೆ ಹೋಗಿ ಬನ್ನಿ.

ಡಿಸೈರಿನ ಸೀಟು ತಗ್ಗು. ಇಳಿಯುವಾಗ ಅವ್ವ ಈಗಲೂ ಗೊಣಗುತ್ತಾಳೆ, ಕೈ ಚಾಚುತ್ತಾಳೆ. ನಾನು ಹಿಡಿದು ಎಬ್ಬಿಸುತ್ತೇನೆ.