ಕಂಸಾಳೆಯ ಗುಡ್ಡನೂ ನಾಗರಿಕ ರಸಿಕತೆಯೂ

ಮೈಸೂರಿನ ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯನ್ನು ಕಂಡವರು ಅದರ ಅಂಗಲಾಘವಕ್ಕೆ ತಲೆದೂಗದಿರಲಾರರು. ದಾರಕ್ಕೆ ಕಟ್ಟಿದ ಕಂಚಿನ ತಾಳವು ಬಲಗೈಯಿಂದ ಬೀಸಿಬಂದು ಎಡಗೈಯ ಬಟ್ಟಲನ್ನು ತಪ್ಪದೆ ತಾಗುವ ಕೌಶಲವು ಸಾಮಾನ್ಯವಾದುದಲ್ಲ. ಆದರೆ ಕುಣಿತವನ್ನಷ್ಟೇ ನೋಡಿ ಕುಣಿಯುವವನನ್ನು ಅಳೆಯುವುದು ಅರೆವಿಮರ್ಶೆ.

ಕಂಸಾಳೆಯವನು ಚಾಮರಾಜನಗರ ಸೀಮೆಯ ಬೆಟ್ಟದಲ್ಲಿ ನೆಲಸಿದ ಮಲೆಯ ಮಾದೇಶ್ವರನ ಗುಡ್ಡ. ಗುರುವಿನಿಂದ ದೀಕ್ಷೆ ಪಡೆದು, ಭಿಕ್ಷೆಯನ್ನೇ ವ್ರತವಾಗಿ ಹೊತ್ತು, ಇರುಳೆಲ್ಲ ಸ್ವಾಮಿಯ ಕಥೆಯನ್ನು ಹಾಡುವವನು. ಆ ಕಾವ್ಯದ ಒಂದೊಂದು ಭಾಗಕ್ಕೂ ಸಾಲೆಂದು ಹೆಸರು. ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯನ್ನು ಶಂಕಿಸಿ ಆಣೆ ಕೇಳುತ್ತಾನೆ, ನಿರಾಕರಿಸಿದವಳನ್ನು ಹಿಂಸಿಸುತ್ತಾನೆ, ನೊಂದವಳಿಗೆ ಮಾದೇಶ್ವರನು ಒದಗುತ್ತಾನೆ. ಇಂತಹ ಕಥೆಗೆ ತಾಳವು ಅಲಂಕಾರವಲ್ಲ, ಉಸಿರು.

ಪಿ. ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದುದು ಕನ್ನಡಕ್ಕೆ ಸಂದ ಮಹೋಪಕಾರ. ಆದರೂ ಅಚ್ಚಿನಲ್ಲಿ ಉಳಿದುದು ಮಾತು. ಮೆರವಣಿಗೆಯಲ್ಲಿ ಉಳಿದುದು ಗತಿ. ಇವೆರಡೂ ಒಂದಾಗಿದ್ದುದು ಗುಡ್ಡನ ಬಾಳಿನಲ್ಲಿ.

ಹಾಗೆಂದು, ಕಲೆಯ ಸಲುವಾಗಿ ಭಿಕ್ಷಾಪಾತ್ರೆಯನ್ನು ಬಿಡಬೇಡವೆಂದು ಬಡವನಿಗೆ ಬೋಧಿಸುವುದು ನಿಷ್ಕರುಣೆ. ಮಗನು ಉದ್ಯೋಗವನ್ನರಸಿ ಹೋದರೆ ಅದು ಕಲಾದ್ರೋಹವಲ್ಲ. ವೇದಿಕೆಯ ಸಂಭಾವನೆಯನ್ನು ತಂದೆಯು ಬಯಸಿದರೆ ಅದು ಭಕ್ತಿಲೋಪವೂ ಅಲ್ಲ. ತಿದ್ದಿಕೊಳ್ಳಬೇಕಾದವರು ರಸಿಕರು. ಐದು ನಿಮಿಷದ ಚಮತ್ಕಾರಕ್ಕೆ ಚಪ್ಪಾಳೆ ತಟ್ಟಿ ಕಳುಹಿಸುವ ಬದಲು, ಒಂದು ಸಾಲನ್ನು ಪೂರ್ತಿಯಾಗಿ ಹಾಡಿಸಿ, ಒಂದಿರುಳು ಕುಳಿತು ಕೇಳಿ, ಆ ಇರುಳಿನ ದುಡಿಮೆಗೆ ತಕ್ಕ ಹಣವನ್ನು ಗೌರವದಿಂದ ಕೊಡಲಿ. ಕಂಸಾಳೆಯ ಗುಣದೋಷಗಳನ್ನು ಕುರಿತು ಮಾತನಾಡುವ ಅಧಿಕಾರವು ಆ ಬಳಿಕ ತಾನಾಗಿ ಬರುವುದು.