ಭಾಗವತರ ಪದ, ಕರ್ಣನ ಅರ್ಥ

ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಅವರು ಬದುಕಿಡೀ ತಿದ್ದುತ್ತಿದ್ದ ಪುರಾಣ ‘ದಿ ಸಿಲ್ಮರಿಲಿಯನ್’ ಮಗ ಕ್ರಿಸ್ಟೋಫರ್ ಅವರ ಸಂಪಾದನೆಯಲ್ಲಿ 1977ರಲ್ಲಿ ಹೊರಬಂತು. ಡೊಂಬಿವಲಿಯಿಂದ ಥಾಣೆಗೆ, ಅಲ್ಲಿ ಲೋಕಲ್ ಬದಲಿಸಿ ಐರೋಲಿಗೆ ಹೋಗಿಬರುವ ದಾರಿಯಲ್ಲಿ ನಾನದನ್ನು ಓದಿ ಮುಗಿಸಿದೆ. ಕಾಲೇಜು ಓದುವ ಮಗ ಕೊಟ್ಟ ಪುಸ್ತಕ. ಕೊಡುವಾಗಲೇ ಕೇಳಿದ್ದ: “ಪಪ್ಪ, ಎಲ್ಲವನ್ನೂ ದೇವರೇ ಹಾಡಿಟ್ಟಿದ್ದರೆ ಕೆಟ್ಟವನದು ತಪ್ಪು ಹೇಗಾಗುತ್ತದೆ?”

ಈ ಪುರಾಣದಲ್ಲಿ ಸೃಷ್ಟಿಕರ್ತ ಇಲೂವತಾರ್. ಅವನು ಕೊಟ್ಟ ವಸ್ತುವನ್ನು ದೇವತೆಗಳು ಹಾಡುತ್ತಾರೆ. ಆ ಹಾಡೇ ಮುಂದೆ ಜಗತ್ತಾಗುತ್ತದೆ. ಮೆಲ್ಕೋರ್ ಬೇಕೆಂದೇ ಅಪಸ್ವರ ಎತ್ತುತ್ತಾನೆ. ಅದರ ಮೂಲವೂ ತನ್ನಲ್ಲೇ ಇದೆ, ಅದೂ ಕೊನೆಗೆ ತನ್ನ ಸೃಷ್ಟಿಗೇ ಸಲ್ಲುತ್ತದೆ ಎನ್ನುತ್ತಾನೆ ಇಲೂವತಾರ್. ಹಾಗಾದರೆ ಬಂಡಾಯಕ್ಕೆ ಅರ್ಥವೇನು? ಮನುಷ್ಯರಿಗೆ ಆ ಹಾಡಿನಾಚೆಗೂ ಬಾಳನ್ನು ರೂಪಿಸಿಕೊಳ್ಳುವ ವರವಿದೆ ಎಂದು ಟೋಲ್ಕಿನ್ ಮುಂದೆ ಬರೆಯುತ್ತಾರೆ. ಆದರೆ ಅಲ್ಲಿ ಅದು ಬರೀ ಹೇಳಿಕೆ.

ಕಥೆಯಾಗಿ ಉತ್ತರ ಸಿಗುವುದು ಕಮ್ಮಾರ ದೇವತೆ ಔಲೆಯ ಪ್ರಸಂಗದಲ್ಲಿ. ಕಲಿಸಲು ಶಿಷ್ಯರು ಬೇಕೆಂಬ ಆತುರಕ್ಕೆ ಅವನು ಗುಟ್ಟಾಗಿ ಏಳು ಕುಬ್ಜರನ್ನು ಮಾಡುತ್ತಾನೆ. ಅವನು ನೆನೆದರೆ ಅಲುಗುತ್ತಾರೆ, ಇಲ್ಲವಾದರೆ ಸುಮ್ಮನೆ ನಿಲ್ಲುತ್ತಾರೆ. ನಾವು ಆಫೀಸಿನಲ್ಲಿ ಬರೆಯುವ ಪ್ರೋಗ್ರಾಮಿನ ಹಾಗೆ. ಇಲೂವತಾರ್ ಪ್ರಶ್ನಿಸಿದಾಗ ಔಲೆ ಅಳುತ್ತಾ ಅವರನ್ನು ಒಡೆಯಲು ಸುತ್ತಿಗೆ ಎತ್ತುತ್ತಾನೆ. ಕುಬ್ಜರು ಬೆದರಿ ಹಿಂದೆ ಸರಿದು, ತಲೆ ಬಾಗಿ ಕರುಣೆ ಬೇಡುತ್ತಾರೆ. ಇಲೂವತಾರ್ ಆಗಲೇ ಅವರಿಗೆ ಸ್ವಂತ ಜೀವ ಕೊಟ್ಟಾಗಿತ್ತು. ಮಾಡಿದವನ ಕೈಗೇ ಬೆದರಿದ್ದು ಅದಕ್ಕೆ ಸಾಕ್ಷಿ.

ಇದನ್ನು ಓದುವಾಗ ನನಗೆ ನೆನಪಾದದ್ದು ತಾಳಮದ್ದಳೆ. ಕರಾವಳಿಯಿಂದ ನಮ್ಮವರು ಮುಂಬಯಿಗೆ ಹೊತ್ತು ತಂದ ಕಲೆಯದು. ಭಾಗವತರ ಪದ ಮೊದಲೇ ಬರೆದದ್ದು, ಕಥೆಯ ಕೊನೆಯೂ ಎಲ್ಲರಿಗೂ ಗೊತ್ತಿದ್ದದ್ದು. ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿನದು. ಕರ್ಣಭೇದನದಲ್ಲಿ ಕೃಷ್ಣ ಜನ್ಮರಹಸ್ಯ ಹೇಳಿ ರಾಜ್ಯವನ್ನೇ ಮುಂದಿಡುತ್ತಾನೆ. ಕರ್ಣ ಒಲ್ಲೆ ಎನ್ನಲೇಬೇಕು. ಯಾಕೆ ಒಲ್ಲೆ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಹುಡುಕಬೇಕು.

ಈ ಪ್ರಸಂಗದಲ್ಲಿ ಕುಮಾರವ್ಯಾಸ ಟೋಲ್ಕಿನ್ನರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದವನು ಅವನು. ಆದರೂ ಅವನ ಕರ್ಣ, ವಂಶ ತಿಳಿಸಿಯೇ ಕೃಷ್ಣ ತನ್ನನ್ನು ಕೊಂದನೆಂದು ಅರಿಯುತ್ತಾನೆ. ಮೊದಲು ಮರುಗುವುದು ಕೌರವನಿಗೆ ಕೇಡಾಯಿತಲ್ಲ ಎಂದು. ದೇವರೇ ಬರೆದ ಕಾವ್ಯದಲ್ಲಿ ದೇವರ ಹೂಟ ಕಂಡೂ ಒಲ್ಲೆ ಎನ್ನುವ ಪಾತ್ರವಿದು. ಇಲೂವತಾರನ ಮಾತು ಕೇಳಿದ ಮೆಲ್ಕೋರನಲ್ಲಿ ಉಳಿಯುವುದು ನಾಚಿಕೆ ಮತ್ತು ಸಿಟ್ಟು. ಕೃಷ್ಣನ ಮಾತು ಕೇಳಿದ ಕರ್ಣನಲ್ಲಿ ಉಳಿಯುವುದು ಉಪ್ಪಿನ ಋಣ.

ಮಗನಿಗೆ ಹೇಳಿದೆ: ಕೊನೆ ಬದಲಾಗದಿದ್ದರೂ ಒಲ್ಲೆ ಎಂದ ಮಾತು ಅವನದೇ, ಅದರ ಹೊಣೆಯೂ ಅವನದೇ. ಮೆಲ್ಕೋರನಿಗೂ ಅದೇ ಲೆಕ್ಕ. ಅವನು ಪೂರ್ತಿ ಒಪ್ಪಲಿಲ್ಲ. “ಕೃಷ್ಣನಿಗೆ ಉತ್ತರ ಮೊದಲೇ ಗೊತ್ತಿತ್ತಲ್ಲ, ಮತ್ತೆ ಕೇಳಿದ್ದು ಯಾಕೆ?” ಎಂದ. ಮುಂದಿನ ತಾಳಮದ್ದಳೆಗೆ ಅವನನ್ನೂ ಕರೆದೊಯ್ಯುತ್ತೇನೆ. ಕೃಷ್ಣನ ಅರ್ಥ ಹೇಳುವವರನ್ನೇ ಕೇಳಲಿ.